ಒಂದು ಸೈಜು ದೊಡ್ಡ ಬೂಟು, ಆಮೇಲೆ ಸಾಲುಸಾಲು ಸ್ಕೀ

ಮಾನ್ಯ ಸಂಪಾದಕರೇ,

ಡಿಸೆಂಬರ್ ಬಂತೆಂದರೆ ಗುಲ್ಮಾರ್ಗ್, ಔಲಿ, ಸೋಲಾಂಗ್‌ಗಳ ಹಿಮದ ಚಿತ್ರಗಳು ಪತ್ರಿಕೆಗಳ ಪ್ರವಾಸ ಪುಟ ತುಂಬುತ್ತವೆ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಖೇಲೊ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಪದಕ ತಂದ ಮೇಲಂತೂ ಸ್ಕೀಯಿಂಗ್ ನಮ್ಮ ಓದುಗರಿಗೆ ದೂರದ ಮಾತಾಗಿ ಉಳಿದಿಲ್ಲ. ಅವರದು ಸಮತಟ್ಟಿನಲ್ಲೂ ಏರಿನಲ್ಲೂ ಸಾಗುವ ನಾರ್ಡಿಕ್ ಸ್ಕೀಯಿಂಗ್. ಅದರ ಬೂಟು ಹಗುರ, ಹಿಮ್ಮಡಿ ಸ್ಕೀಯಿಂದ ಮೇಲೇಳುತ್ತದೆ. ಈ ಪತ್ರ ಇಳಿಜಾರಿನಲ್ಲಿ ಜಾರುವ ಆಲ್ಪೈನ್ ಸ್ಕೀಯಿಂಗ್ ಕುರಿತದ್ದು. ಬೆಂಗಳೂರಿನಿಂದ ವರ್ಷಕ್ಕೊಮ್ಮೆ ಕಾಶ್ಮೀರಕ್ಕೆ ಹೋಗುವವರೂ ಮ್ಯೂನಿಕ್, ಜ್ಯೂರಿಕ್, ಡೆನ್ವರ್‌ಗಳಲ್ಲಿ ನೆಲೆಸಿದ ಕನ್ನಡಿಗರೂ ಇದಕ್ಕೆ ಸಾಕಷ್ಟು ದುಡ್ಡು ಸುರಿಯುತ್ತಾರೆ. ಅದರಲ್ಲಿ ಎಷ್ಟೋ ಪಾಲು ತಪ್ಪು ಜಾಗಕ್ಕೆ ಹೋಗುತ್ತದೆ.

ಮೂವತ್ತು ವರ್ಷ ಸ್ಕೀ ಮಾಡಿದವರ ಅಟ್ಟ ಹತ್ತಿ ನೋಡಿದರೆ ಐದಾರು ಜೊತೆ ಸ್ಕೀ, ಮೂರು ನಾಲ್ಕು ಜೊತೆ ಬೂಟು ಧೂಳು ತಿನ್ನುತ್ತಿರುತ್ತವೆ. ಇದು ಉದ್ದವಾಯಿತು, ಅದು ಅಗಲವಾಯಿತು, ಇನ್ನೊಂದು ಗಡುಸಾಯಿತು ಎಂದು ಒಂದೊಂದಕ್ಕೂ ಒಂದೊಂದು ಕಾರಣ ಸಿಗುತ್ತದೆ. ಆದರೆ ಜಾಡು ಹಿಡಿದು ಹಿಂದಕ್ಕೆ ಹೋದರೆ ಮೊದಲ ಕೊಂಡಿ ಮತ್ತೆ ಮತ್ತೆ ಒಂದೇ ಆಗಿರುತ್ತದೆ: ಕಾಲಿಗಿಂತ ಒಂದು ಸೈಜು, ಒಮ್ಮೊಮ್ಮೆ ಎರಡು ಸೈಜು ದೊಡ್ಡದಾದ ಮೊದಲ ಬೂಟು. ಬೂಟು ಮಾಡಿದ ತಪ್ಪನ್ನು ಸ್ಕೀ ತಿದ್ದೀತು ಎಂದು ನಂಬಿ ಕೊಂಡವು ಉಳಿದವು.

ಅಂಗಡಿಯಲ್ಲಿ ನಡೆಯುವುದು ಹೀಗೆ. ಕಾಲು ಹಾಕಿ ನೆಟ್ಟಗೆ ನಿಂತರೆ ಹೆಬ್ಬೆರಳು ಮುಂದೆ ತಾಗುತ್ತದೆ. ಮಾಮೂಲಿ ಶೂ ಲೆಕ್ಕದಲ್ಲಿ ಅದು ಚಿಕ್ಕದು. ಇನ್ನೊಂದು ಸೈಜು ಮೇಲಿನದನ್ನು ಕೇಳುತ್ತೇವೆ. ಅದು ಹಾಯಾಗಿರುತ್ತದೆ, ದುಡ್ಡು ಕೊಟ್ಟು ಹೊರಬರುತ್ತೇವೆ. ಆದರೆ ಸ್ಕೀ ಮಾಡುವವರು ನೆಟ್ಟಗೆ ನಿಲ್ಲುವುದಿಲ್ಲ. ಮಂಡಿ ಮಡಿಸಿ ಕಣಕಾಲನ್ನು, ಅಂದರೆ ಮಂಡಿಯ ಕೆಳಗಿನ ಮುಂಭಾಗವನ್ನು, ಬೂಟಿನ ನಾಲಗೆಗೆ ಒತ್ತಿದಾಗ ಹಿಮ್ಮಡಿ ಹಿಂದಕ್ಕೆ ಕೂರುತ್ತದೆ, ಬೆರಳು ಮುಂದಿನ ಗೋಡೆಯಿಂದ ಬಿಡುಗಡೆಯಾಗುತ್ತದೆ. ನಿಂತಾಗ ಬೆರಳು ತಾಗಬೇಕು, ಬಾಗಿದಾಗ ಬಿಡಬೇಕು. ನಿಂತಾಗಲೇ ಬಿಟ್ಟುಕೊಂಡಿರುವ ಬೂಟು ದೊಡ್ಡದು.

ಇನ್ನೊಂದು ಸಂಗತಿ ಅಂಗಡಿಯಲ್ಲಿ ಕಾಣಿಸುವುದೇ ಇಲ್ಲ. ಬೂಟಿನ ಒಳಗಿನ ಮೆತ್ತನೆಯ ಪದರ, ಲೈನರ್, ಫೋಮ್‌ನದು. ಹದಿನೈದು ಇಪ್ಪತ್ತು ದಿನ ಬಳಸುವಷ್ಟರಲ್ಲಿ ಅದು ಅದುಮಿ ತೆಳುವಾಗುತ್ತದೆ, ಬೂಟು ಅರ್ಧ ಸೈಜಿನಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಸಡಿಲಗೊಳ್ಳುತ್ತದೆ. ಮೊದಲ ದಿನವೇ ಹಾಯೆನಿಸಿದ್ದು ಎರಡನೇ ಚಳಿಗಾಲಕ್ಕೆ ಬಕೆಟ್ಟು. ಆಗ ಬಕಲ್‌ಗಳನ್ನು ಕೊನೆಯ ಹಲ್ಲಿಗೆ ಎಳೆದು ಬಿಗಿಯುತ್ತಾರೆ. ಪಾದದ ಮೇಲ್ಭಾಗದ ನರ ಮತ್ತು ರಕ್ತನಾಳ ಅದುಮಿಕೊಂಡು ಬೆರಳು ಜೋಮು ಹಿಡಿಯುತ್ತವೆ, ಮರಗಟ್ಟುತ್ತವೆ. ಚಳಿ ಎಂದುಕೊಂಡು ಎರಡನೇ ಜೊತೆ ಕಾಲುಚೀಲ ಹಾಕುತ್ತಾರೆ. ಅದರಿಂದ ಒತ್ತಡವೂ ಬೆವರೂ ಹೆಚ್ಚಿ ಬೆರಳು ಇನ್ನಷ್ಟು ತಣ್ಣಗಾಗುತ್ತವೆ. ಸ್ಕೀ ಬೂಟಿನೊಳಗೆ ಮೊಣಕಾಲವರೆಗೆ ಬರುವ ಒಂದೇ ಒಂದು ತೆಳು ಕಾಲುಚೀಲ ಇರಬೇಕು. ಥರ್ಮಲ್ ಪ್ಯಾಂಟಿನ ಅಂಚು ಕೂಡ ಒಳಗೆ ಹೋಗಬಾರದು, ಕಣಕಾಲ ಮೂಳೆಗೆ ಒತ್ತಿ ಬೊಬ್ಬೆ ಬರುತ್ತದೆ.

ತಿರುವು ಹಾಳಾಗುವುದೂ ಇಲ್ಲಿಂದಲೇ. ಕಣಕಾಲು ಬಾಗಿ ನಾಲಗೆಯನ್ನು ಒತ್ತಬೇಕು, ನಾಲಗೆ ಹೊರಗಿನ ಗಟ್ಟಿ ಪ್ಲಾಸ್ಟಿಕ್ ಚಿಪ್ಪಾದ ಶೆಲ್ಲನ್ನು, ಶೆಲ್ ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗನ್ನು, ಬೈಂಡಿಂಗ್ ಸ್ಕೀಯ ಉಕ್ಕಿನ ಅಂಚನ್ನು. ಈ ಸಾಲಿನಲ್ಲಿ ಒಂದು ಸೆಂಟಿಮೀಟರ್ ಖಾಲಿ ಜಾಗ ಇದ್ದರೆ ಕಾಲು ಮೊದಲು ಆ ಖಾಲಿಯಲ್ಲಿ ಓಡಾಡುತ್ತದೆ, ಸ್ಕೀ ತಡವಾಗಿ ತಿರುಗುತ್ತದೆ, ಹಿಮ್ಮಡಿ ಮೇಲೇಳುತ್ತದೆ, ದೇಹ ಹಿಂದಕ್ಕೆ ವಾಲುತ್ತದೆ. ಸಂಜೆಗೆ ತೊಡೆ ಉರಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ಇಲ್ಲಿ ತಲೆಕೆಳಗು: ನೆಲವೇ ಡೊಂಕಾಗಿರುತ್ತದೆ, ಕುಣಿಯುವವರು ತಮ್ಮನ್ನೇ ಬೈದುಕೊಳ್ಳುತ್ತಿರುತ್ತಾರೆ. ಆಮೇಲೆ ಹೊಸ ಸ್ಕೀ ಕೊಳ್ಳಲು ಹೊರಡುತ್ತಾರೆ.

ಬೂಟಿನ ಅಳತೆಗೆ ಮೊಂಡೊ ಎಂಬ ಹೆಸರಿದೆ. ಅದು ಪಾದದ ಉದ್ದ, ಸೆಂಟಿಮೀಟರಿನಲ್ಲಿ, 26.5 ಎಂದರೆ 265 ಮಿ.ಮೀ. ಪಾದ. ಶೂ ಸೈಜಿನ ಪಟ್ಟಿ ನೋಡಿ ಪರಿವರ್ತನೆ ಮಾಡಿಕೊಳ್ಳಬಾರದು, ಪಾದವನ್ನೇ ಅಳೆಯಬೇಕು. ಗೋಡೆಗೆ ಹಿಮ್ಮಡಿ ತಾಗಿಸಿ, ಎರಡೂ ಕಾಲಿನ ಮೇಲೆ ಸಮ ಭಾರ ಹಾಕಿ ನಿಂತು, ಅತಿ ಉದ್ದದ ಬೆರಳಿನ ತುದಿಗೆ ಗೆರೆ ಎಳೆಯಿರಿ. ಆಮೇಲೆ ಅದೇ ಕಾಲಿನ ಮೇಲೆ ಪೂರ್ತಿ ಭಾರ ಬಿಟ್ಟು ಇನ್ನೊಮ್ಮೆ ಎಳೆಯಿರಿ. ಎರಡು ಗೆರೆಗಳ ನಡುವೆ ಅಂತರ ಹೆಚ್ಚಿದ್ದರೆ ಪಾದದ ಕಮಾನು ಕುಸಿಯುತ್ತಿದೆ ಎಂದರ್ಥ. ಅಂಥವರಿಗೆ ಕಮಾನಿಗೆ ಆಧಾರ ಕೊಡುವ ಇನ್‌ಸೋಲ್ ಬೇಕು, ದೊಡ್ಡ ಬೂಟಲ್ಲ. ಇದು ತಿಳಿಯದೆ ಅರ್ಧ ಸೈಜಿಗೆ ಪರದಾಡುವವರು ಇನ್ನೊಂದನ್ನೂ ಗಮನಿಸಬೇಕು: ಬಹುತೇಕ ಕಂಪನಿಗಳಲ್ಲಿ 26 ಮತ್ತು 26.5ರ ಪ್ಲಾಸ್ಟಿಕ್ ಶೆಲ್ ಒಂದೇ, ವ್ಯತ್ಯಾಸ ಒಳಗಿನ ಲೈನರ್ ಅಥವಾ ಅಡಿಹಾಳೆಯಲ್ಲಿ ಮಾತ್ರ.

ಹಾಗಾಗಿ ನಂಬಬೇಕಾದ ಪರೀಕ್ಷೆ ಶೆಲ್ಲಿನದು. ಲೈನರ್ ಹೊರತೆಗೆದು ಬರಿಯ ಶೆಲ್ಲಿನೊಳಗೆ ಕಾಲಿಡಿ, ಬೆರಳ ತುದಿ ಮುಂದಿನ ಗೋಡೆಗೆ ಮೆಲ್ಲಗೆ ತಾಗಲಿ, ಮಂಡಿ ತುಸು ಬಾಗಿಸಿ. ಹಿಮ್ಮಡಿಯ ಹಿಂದೆ ಎಷ್ಟು ಜಾಗ ಉಳಿಯಿತೆಂದು ಅಂಗಡಿಯವರು ನೋಡಲಿ. 1.5ರಿಂದ 2 ಸೆಂ.ಮೀ. ಇದ್ದರೆ ಸಾಮಾನ್ಯ ಸ್ಕೀಯರಿಗೆ ಸರಿ. 1ರಿಂದ 1.5 ಸೆಂ.ಮೀ. ನುರಿತವರಿಗೆ. ಅದಕ್ಕಿಂತ ಕಡಿಮೆ ರೇಸಿನವರಿಗೆ. 2.5 ಸೆಂ.ಮೀ. ದಾಟಿತೋ, ಎಷ್ಟೇ ರಿಯಾಯಿತಿ ಇದ್ದರೂ ಆ ಬೂಟನ್ನು ಅಲ್ಲೇ ಬಿಡಿ. ನಮ್ಮೂರ ಬಳೆಗಾರ ಕೈ ಹಿಸುಕಿ ನೋಡಿ ಬಳೆ ಆರಿಸುತ್ತಾನೆ. ಗಂಟು ದಾಟುವಾಗ ನೋಯುವ ಬಳೆಯೇ ಮಣಿಕಟ್ಟಿನಲ್ಲಿ ನಿಲ್ಲುತ್ತದೆ, ಸಲೀಸಾಗಿ ಇಳಿದದ್ದು ಸಲೀಸಾಗಿ ಜಾರುತ್ತದೆ. ಬೂಟೂ ಹಾಗೆಯೇ: ತೊಡುವಾಗ ಕಷ್ಟ, ತೊಟ್ಟ ಮೇಲೆ ಸುತ್ತಲೂ ಒಂದೇ ಸಮನೆ ಬಿಗಿ.

ಬರಿಗಾಲಲ್ಲಿ, ಚಪ್ಪಲಿಯಲ್ಲಿ ಬೆಳೆದವರ ಪಾದದ ಮುಂಭಾಗ ಅಗಲವಾಗಿರುವುದು ಸಾಮಾನ್ಯ. ನಮ್ಮವರು ಉದ್ದದ ಬೂಟಿಗೆ ಬಲಿಯಾಗುವುದಕ್ಕೆ ಇದೂ ಒಂದು ಕಾರಣ: ಅಗಲ ಸಿಗಲೆಂದು ಸೈಜು ಹೆಚ್ಚಿಸಿಕೊಳ್ಳುತ್ತಾರೆ. ಅಗಲಕ್ಕೆ ಬೇರೆಯೇ ಅಳತೆ ಇದೆ, ಲಾಸ್ಟ್ ಎನ್ನುತ್ತಾರೆ. 97-98 ಮಿ.ಮೀ. ಕಿರಿದು, 100 ಮಧ್ಯಮ, 102ರಿಂದ 104 ಅಗಲ. ಈ ಸಂಖ್ಯೆ 26.5ರ ಬೂಟಿನದು, ಸೈಜು ಇಳಿದಂತೆ ಅಗಲವೂ ಇಳಿಯುತ್ತದೆ. ಪಾದದ ಮೇಲ್ಭಾಗದ ಎತ್ತರಕ್ಕೆ ಪೆಟ್ಟಿಗೆಯ ಮೇಲೆ ಸಂಖ್ಯೆಯೇ ಇರುವುದಿಲ್ಲ, ಹಾಕಿಯೇ ನೋಡಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು: ಚಿಕ್ಕ ಬೂಟನ್ನು ಹಿಗ್ಗಿಸಬಹುದು, ದೊಡ್ಡದನ್ನು ಕುಗ್ಗಿಸಲಾಗದು. ಬೂಟ್ ಫಿಟರ್ ಶೆಲ್ಲನ್ನು ಕಾಯಿಸಿ, ಕಿರುಬೆರಳ ಬುಡದಲ್ಲೋ ಕಾಲಿನ ಗಂಟಿನಲ್ಲೋ ಬೇಕಾದಲ್ಲಿ ಕೆಲವು ಮಿ.ಮೀ. ಹೊರಕ್ಕೆ ಉಬ್ಬಿಸುತ್ತಾನೆ, ಒಳಗಿನಿಂದ ಉಜ್ಜಿಯೂ ಜಾಗ ಮಾಡುತ್ತಾನೆ. ಒಳ್ಳೆಯ ಅಂಗಡಿಗಳು ಈ ಕೆಲಸವನ್ನು ಬೂಟಿನ ಬೆಲೆಯಲ್ಲೇ ಸೇರಿಸಿರುತ್ತವೆ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಬೂಟು ತರಿಸಿಕೊಂಡವರು ಕಳೆದುಕೊಳ್ಳುವುದು ಇದನ್ನೇ.

ಬೂಟು ಬಾಗಲು ಎಷ್ಟು ಗಡುಸು ಎಂದು ಹೇಳುವ ಫ್ಲೆಕ್ಸ್ ಸಂಖ್ಯೆಯ ಮೋಹವೂ ದುಬಾರಿ. 80, 100, 120, 130 ಎಂದು ಬರೆದಿರುತ್ತದೆ, ಕಂಪನಿಗಳೆಲ್ಲ ಒಪ್ಪಿದ ಅಳತೆಗೋಲು ಇಲ್ಲ. ಒಬ್ಬರ 110 ಇನ್ನೊಬ್ಬರ 100. ಅಂಗಡಿಯ ಬೆಚ್ಚಗಿನ ಗಾಳಿಯಲ್ಲಿ ಮೆತ್ತಗೆ ಬಾಗಿದ ಪ್ಲಾಸ್ಟಿಕ್ ಸೊನ್ನೆಗಿಂತ 10 ಡಿಗ್ರಿ ಕೆಳಗೆ ಗಡುಸಾಗುತ್ತದೆ. ಬಾಗದ ಬೂಟಿನಲ್ಲಿ ನಿಂತವರು ಹಿಮ್ಮಡಿಯ ಮೇಲೆ ಕೂತಂತೆ ಇಳಿಯುತ್ತಾರೆ. 65-70 ಕಿಲೋ ತೂಕದ, ಇನ್ನೂ ಕಲಿಯುತ್ತಿರುವ ಗಂಡಸಿಗೆ 90-100, ಹೆಂಗಸಿಗೆ 70-85 ಧಾರಾಳ ಸಾಕು. ಹೆಂಗಸರ ಮೀನಖಂಡ ಸಾಮಾನ್ಯವಾಗಿ ಕೆಳಗಿನಿಂದಲೇ ದಪ್ಪವಾಗುವುದರಿಂದ ಅವರ ಬೂಟಿನ ಕತ್ತು ತಗ್ಗಾಗಿ, ಅಗಲವಾಗಿ ಇರುತ್ತದೆ. ಗಂಡಸರ ಮಾದರಿಯನ್ನೇ ಹಾಕಿಕೊಂಡು ಮೀನಖಂಡ ನೋಯಿಸಿಕೊಳ್ಳುವ ಅಗತ್ಯವಿಲ್ಲ.

ಸೆಕೆಂಡ್‌ಹ್ಯಾಂಡ್ ಬೂಟಿನ ಬಗ್ಗೆ ಕಟ್ಟುನಿಟ್ಟಾಗಿ ಹೇಳಬೇಕು: ಬೇಡ. ಲೈನರ್ ಇನ್ನೊಬ್ಬರ ಕಾಲಿನ ಆಕಾರಕ್ಕೆ ಕೂತಿರುತ್ತದೆ. ಹಳೆಯದಾದರೆ ಅಪಾಯವೂ ಇದೆ. ಪಾಲಿಯುರಿಥೇನ್ ಪ್ಲಾಸ್ಟಿಕ್ ಗಾಳಿಯ ತೇವದೊಂದಿಗೆ ವರ್ತಿಸಿ ವರ್ಷಗಳಲ್ಲಿ ಒಳಗೊಳಗೇ ಸಡಿಲವಾಗುತ್ತದೆ. ಸೆಕೆ ಮತ್ತು ತೇವ ಎರಡೂ ಇರುವ ಮಂಗಳೂರಿನಂಥ ಊರಿನಲ್ಲಿ ಇಟ್ಟರೆ ಇನ್ನೂ ಬೇಗ. ನೋಡಲು ಹೊಸದರಂತಿದ್ದ ಬೂಟು ಹಿಮದ ಚಳಿಯಲ್ಲಿ ಹೆಂಚಿನಂತೆ ಒಡೆಯುತ್ತದೆ. 1980ರ ದಶಕದಲ್ಲಿ ಹೆಸರು ಮಾಡಿದ್ದ, ಹಿಂಬದಿಯಿಂದ ಕಾಲು ತೂರಿಸುವ ಬೂಟುಗಳು ಈಗಲೂ ಹಳೆ ಸಾಮಾನಿನ ಮಾರಾಟದಲ್ಲಿ ಕಾಣುತ್ತವೆ. ಹಾಕುವುದು ಸುಲಭ, ಆದರೆ ಅವು ಹಿಮ್ಮಡಿಯನ್ನೂ ಪಾದದ ಮೇಲ್ಭಾಗವನ್ನೂ ನಾಲ್ಕು ಬಕಲ್‌ಗಳ ಬೂಟಿನಷ್ಟು ಚೆನ್ನಾಗಿ ಹಿಡಿಯಲಾರವು. ಆ ವಯಸ್ಸಿನ ಪ್ಲಾಸ್ಟಿಕ್ಕನ್ನಂತೂ ಯಾರೂ ನಂಬಬಾರದು.

ಈಗ ಸ್ಕೀಗೆ ಬರೋಣ. ಎತ್ತಿದ ಕೈಯ ಮಣಿಕಟ್ಟಿನಷ್ಟು ಉದ್ದ ಎಂಬ ಹಳೆಯ ಲೆಕ್ಕ 200 ಸೆಂ.ಮೀ. ದಾಟುತ್ತಿದ್ದ ನೇರ ಸ್ಕೀಗಳ ಕಾಲದ್ದು. 1990ರ ದಶಕದ ಆರಂಭದಲ್ಲಿ ಸ್ಲೊವೇನಿಯಾದ ಎಲಾನ್ ಕಂಪನಿಯ ಎಸ್‌ಸಿಎಕ್ಸ್ ಎಂಬ ಸ್ಕೀ ಬಂತು. ತುದಿ ಬಾಲಗಳಲ್ಲಿ ಅಗಲ, ನಡುವಲ್ಲಿ ಸಣ್ಣ. ಅಂಚಿನ ಮೇಲೆ ಓರೆಯಾಗಿಸಿದರೆ ತಾನೇ ಬಾಗಿ ತಿರುಗುವ ಈ ಆಕಾರ ಕೆಲವೇ ವರ್ಷಗಳಲ್ಲಿ ಎಲ್ಲರದೂ ಆಯಿತು. ಆ ಹೊತ್ತಿಗೆ ದುಬಾರಿ ನೇರ ಸ್ಕೀ ಕೊಂಡಿದ್ದವರ ಹಣ ಹೋಯಿತು, ಅದು ಅವರ ತಪ್ಪಲ್ಲ. ತಪ್ಪು ಇಂದಿಗೂ ಉದ್ದವನ್ನೇ ಶೌರ್ಯವೆಂದು ತಿಳಿಯುವುದು. ಯಂತ್ರ ಓಡಿಸಿ ಚೊಕ್ಕ ಮಾಡಿದ ಇಳಿಜಾರಿಗೆ ಗಲ್ಲದಿಂದ ಹಣೆಯವರೆಗಿನ ಎತ್ತರ ಸಾಕು. ಮೂತಿ ಮೇಲೆತ್ತಿರುವ ರಾಕರ್ ಸ್ಕೀ ಆದರೆ ಹಿಮಕ್ಕೆ ತಾಗುವ ಅಂಚು ಕಡಿಮೆ. ಅದನ್ನು 5-10 ಸೆಂ.ಮೀ. ಉದ್ದ ಕೊಳ್ಳಬೇಕು.

ರೇಸ್ ತಂಡಗಳು ಸೀಸನ್ ಮುಗಿದ ಮೇಲೆ ಮಾರುವ ಜೈಂಟ್ ಸ್ಲಾಲಮ್ (ದೂರ ದೂರ ನೆಟ್ಟ ಕಂಬಗಳ ನಡುವೆ ತಿರುಗುತ್ತ ಇಳಿಯುವ ರೇಸ್) ಸ್ಕೀಗಳು ಅಗ್ಗ, ಹೊಳಪು, ಆಕರ್ಷಕ. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ ಎಫ್‌ಐಎಸ್‌ನ ನಿಯಮದಂತೆ ಗಂಡಸರದು ಕನಿಷ್ಠ 193 ಸೆಂ.ಮೀ. ಉದ್ದ, ತಿರುವಿನ ತ್ರಿಜ್ಯ ಕನಿಷ್ಠ 30 ಮೀಟರ್. ರೇಸಿನ ವೇಗದಲ್ಲಿ, ರೇಸಿನ ಬಲದಲ್ಲಿ ಮಾತ್ರ ಅದು ಬಾಗುತ್ತದೆ. ಭಾನುವಾರದ ಜನಜಂಗುಳಿಯಲ್ಲಿ ಅದನ್ನು ತಿರುಗಿಸಲು ಹೊರಟವರು ನೇರ ಹೋಗುತ್ತಲೇ ಇರುತ್ತಾರೆ.

ಅಗಲದ ಮಾತು ಇದಕ್ಕಿಂತ ದೊಡ್ಡದು, ಯಾಕೆಂದರೆ ಜಾಹೀರಾತು ತೋರಿಸುವುದು ಸೊಂಟದುದ್ದ ಪುಡಿಹಿಮ, ಜನ ಜಾರುವುದು ಯಂತ್ರ ಓಡಿಸಿ ಗಟ್ಟಿ ಮಾಡಿದ ಹಿಮ. ಸ್ಕೀಯ ನಡು 68-80 ಮಿ.ಮೀ. ಇದ್ದರೆ ಗಟ್ಟಿ ಇಳಿಜಾರಿಗೆ, 85-98 ಬೆರಕೆಗೆ, 100ರ ಮೇಲೆ ಪುಡಿಹಿಮಕ್ಕೆ. ಗಟ್ಟಿ ಹಿಮದಲ್ಲಿ 108ರ ಸ್ಕೀ ಅಂಚಿನ ಮೇಲೆ ನಿಂತಾಗ ಆ ಅಂಚು ಬೂಟಿನ ನಡುವಿನಿಂದ 5 ಸೆಂ.ಮೀ.ಗೂ ದೂರ ಇರುತ್ತದೆ. ಆ ಸನ್ನೆಗೋಲು ಪ್ರತಿ ತಿರುವಿನಲ್ಲೂ ಸ್ಕೀಯನ್ನು ಮಟ್ಟಸಕ್ಕೆ ಎಳೆಯುತ್ತದೆ, ತಡೆಯುವ ಭಾರ ಮಂಡಿಯ ಮೇಲೆ ಬೀಳುತ್ತದೆ. ಆಲ್ಪ್ಸ್‌ನಲ್ಲಿ ವಾರಾಂತ್ಯ ಕಳೆಯುವವರಿಗೆ 75-82 ಮಿ.ಮೀ. ಒಳ್ಳೆಯದು. ಗುಲ್ಮಾರ್ಗ್ ಬೇರೆ: 2,650 ಮೀಟರ್ ಎತ್ತರದ ಊರಿನಿಂದ ಗೊಂಡೊಲಾ ಎಂಬ ತೂಗುಬಂಡಿ ಅಫರ್ವಾತ್ ಶಿಖರದ ಪಕ್ಕಕ್ಕೆ ಸುಮಾರು 3,980 ಮೀಟರಿಗೆ ಒಯ್ಯುತ್ತದೆ, ಅಲ್ಲಿಂದ ಕೆಳಗೆ ಯಂತ್ರ ಮುಟ್ಟದ ಹಿಮ. ಅಲ್ಲಿ 100-115 ಮಿ.ಮೀ. ಸಾರ್ಥಕ. ಒಂದೇ ಜೊತೆ ಎರಡಕ್ಕೂ ಆಗಲಿ ಎಂದು ಕೊಂಡದ್ದು ಎರಡಕ್ಕೂ ಆಗದೆ ಅಟ್ಟ ಸೇರುವುದೇ ಹೆಚ್ಚು. ಹತ್ತುವ ಹುಮ್ಮಸ್ಸಿನಲ್ಲಿ ಕೊಳ್ಳುವ ಹಗುರ ಟೂರಿಂಗ್ ಸ್ಕೀಗಳೂ ಹಾಗೆಯೇ: ಹತ್ತುವುದು ವರ್ಷಕ್ಕೆರಡು ದಿನ, ಉಳಿದ ದಿನ ಲಿಫ್ಟ್ ಪಕ್ಕದ ಗಟ್ಟಿ ಹಿಮದಲ್ಲಿ ಅವು ಗಡಗಡ ನಡುಗುತ್ತವೆ.

ಬೈಂಡಿಂಗ್ ವಿಷಯದಲ್ಲಿ ತಪ್ಪಿದರೆ ಹಣದ ಜೊತೆ ಮೂಳೆ ಮತ್ತು ಮಂಡಿಯ ಸ್ನಾಯುಬಂಧವೂ ಹೋಗುತ್ತದೆ. ಬಿದ್ದಾಗ ಎಷ್ಟು ಬಲಕ್ಕೆ ಬೂಟು ಕಳಚಿಕೊಳ್ಳಬೇಕು ಎಂಬುದು ಡಿನ್ ಸಂಖ್ಯೆ. ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ, ಸ್ಕೀ ಮಾಡುವ ಬಗೆ, ಈ ಐದರಿಂದ ಐಎಸ್‌ಒ 11088 ಕೋಷ್ಟಕದಲ್ಲಿ ಅದನ್ನು ತೆಗೆಯುತ್ತಾರೆ. 70 ಕಿಲೋ, 170 ಸೆಂ.ಮೀ. ಇರುವ ಮಧ್ಯಮ ಸ್ಕೀಯರಿಗೆ ಅದು 6ರ ಆಸುಪಾಸು ಬರುತ್ತದೆ. ಅಂಥವರು 8ರಿಂದ 18ರವರೆಗಿನ ರೇಸ್ ಬೈಂಡಿಂಗ್ ಕೊಂಡರೆ ಮೂಗಿಗಿಂತ ಮೂಗುತಿ ಭಾರ. ಅದನ್ನು ಕೊನೆಯವರೆಗೆ ಸಡಿಲಿಸಿದರೂ ಬೇಕಾದಾಗ ಕಳಚುವುದಿಲ್ಲ. ತಮ್ಮ ಸಂಖ್ಯೆ ಮಾಪಕದ ನಡುವೆ ಬೀಳುವಂಥದ್ದು, 3ರಿಂದ 10 ಅಥವಾ 4ರಿಂದ 12, ಆರಿಸಬೇಕು. ಅಂಗಡಿಯಲ್ಲಿ ಕಳಚುವ ಬಲ ಅಳೆಯುವ ಟಾರ್ಕ್ ಯಂತ್ರದ ಮೇಲೆ ಪರೀಕ್ಷಿಸಿ ಚೀಟಿ ಕೊಡುವಂತೆ ಕೇಳಬೇಕು. ಬ್ರೇಕಿನ ಅಗಲ ಸ್ಕೀಯ ನಡುವಿಗಿಂತ 15 ಮಿ.ಮೀ. ಒಳಗೆ ಹೆಚ್ಚಿದ್ದರೆ ಸರಿ. ಕಡಿಮೆಯಾದರೆ ಇಳಿಯುವುದೇ ಇಲ್ಲ, ತೀರಾ ಹೆಚ್ಚಾದರೆ ಹಿಮಕ್ಕೆ ತಗುಲುತ್ತದೆ.

ಹಳೆಯ ಸ್ಕೀ, ಹೊಸ ಬೂಟು ಹೊಂದದಿರುವುದು ಈಚಿನ ದೊಡ್ಡ ಪರಿತಾಪ. ಹಿಂದೆ ಎಲ್ಲ ಆಲ್ಪೈನ್ ಬೂಟುಗಳ ಅಡಿ ಐಎಸ್‌ಒ 5355ರ ಚಪ್ಪಟೆ ಅಡಿ. ಈಗಿನ ಬಹಳಷ್ಟು ಬೂಟುಗಳಿಗೆ ನಡೆಯಲು ಅನುಕೂಲವಾಗಲೆಂದು ಗ್ರಿಪ್‌ವಾಕ್ ಎಂಬ, ತುಸು ಬಾಗಿದ ರಬ್ಬರ್ ಅಡಿ, ಐಎಸ್‌ಒ 23223. ಹಳೆಯ ಬೈಂಡಿಂಗಿನ ಮುಂಭಾಗದಲ್ಲಿ ಅದು ಸರಿಯಾಗಿ ಕೂರುವುದಿಲ್ಲ, ಕಳಚುವುದೂ ನೆಚ್ಚಿಗೆಯಲ್ಲ. ಬೈಂಡಿಂಗಿನ ಮೇಲೆ ಗ್ರಿಪ್‌ವಾಕ್ ಗುರುತು ಇದ್ದರೆ ಮಾತ್ರ ಹಾಕಬೇಕು. ಹಳೆಯ ಬೈಂಡಿಂಗುಗಳನ್ನು ಕಂಪನಿಗಳು ಕಾಲಕ್ರಮೇಣ ತಮ್ಮ ಖಾತರಿ ಪಟ್ಟಿಯಿಂದ ತೆಗೆಯುತ್ತವೆ. ತೆಗೆದ ಮೇಲೆ ಅಂಗಡಿಯವರು ಅದಕ್ಕೆ ಸ್ಕ್ರೂಡ್ರೈವರ್ ಹಚ್ಚಲು ಒಪ್ಪುವುದಿಲ್ಲ. ಬೂಟು ಬದಲಾದಾಗ ಅಡಿಯ ಉದ್ದವೂ ಬದಲಾಗಿ ಬೈಂಡಿಂಗನ್ನು ಬೇರೆ ಜಾಗದಲ್ಲಿ ಕೂರಿಸಬೇಕಾಗಬಹುದು. ಹೊಸ ರಂಧ್ರ ಹಳೆಯದರಿಂದ ಕನಿಷ್ಠ 1 ಸೆಂ.ಮೀ. ದೂರ ಇರಬೇಕು, ಹಳೆಯದನ್ನು ಬೆಣೆ ಮತ್ತು ಅಂಟಿನಿಂದ ಮುಚ್ಚಬೇಕು. ಡ್ರಿಲ್ ಗಾತ್ರ ಸ್ಕೀಯ ಮೇಲೆಯೇ ಮುದ್ರಿಸಿರುತ್ತದೆ: ಲೋಹದ ಪದರ ಇರುವುದಕ್ಕೆ 4.1 ಮಿ.ಮೀ., ಇಲ್ಲದ್ದಕ್ಕೆ 3.5, ಆಳ 9 ಮಿ.ಮೀ. ಮೂರು ಸಲ ಕೊರೆದ ಸ್ಕೀಯನ್ನು ಎಷ್ಟೇ ಕಡಿಮೆ ಬೆಲೆಗೂ ಕೊಳ್ಳಬೇಡಿ. ಅಂಚಿನ ಉಕ್ಕನ್ನೂ ನೋಡಿ. ಹೊಸತರಲ್ಲಿ 2 ಮಿ.ಮೀ. ಇರುವುದು ಮಸೆದು ಮಸೆದು ಅರ್ಧವಾಗಿದ್ದರೆ ಅದರ ಆಯುಷ್ಯ ಮುಗಿದಂತೆ.

ಇಷ್ಟರ ಮೇಲೆ ಕರ್ನಾಟಕದಿಂದ ಹೋಗುವವರಿಗೆ ಸ್ಪಷ್ಟವಾಗಿ ಹೇಳುವುದು: ವರ್ಷಕ್ಕೆ 10 ದಿನ ದಾಟದಿದ್ದರೆ ಬೂಟು ಕೊಳ್ಳಿ, ಸ್ಕೀ ಬಾಡಿಗೆಗೆ ತನ್ನಿ. ಬಾಡಿಗೆ ಬೂಟು ನೂರು ಕಾಲು ಕಂಡು ಸಡಿಲವಾಗಿರುತ್ತದೆ. ಬಾಡಿಗೆ ಸ್ಕೀ ಆ ದಿನದ ಹಿಮಕ್ಕೆ ತಕ್ಕಂತೆ ಬದಲಾಗುತ್ತದೆ. ಒಂದು ಜೊತೆ ಬೂಟು 4 ಕಿಲೋ ಆಸುಪಾಸು, ಬೆನ್ನಚೀಲದಲ್ಲಿ ಹೋಗುತ್ತದೆ. ಬೈಂಡಿಂಗ್ ಸಹಿತ ಸ್ಕೀ 5-6 ಕಿಲೋ, ಜೊತೆಗೆ ಉದ್ದನೆಯ ಚೀಲ. ದೇಶದೊಳಗಿನ ವಿಮಾನಗಳ 15 ಕಿಲೋ ಮಿತಿಯಲ್ಲಿ ಅದು ಪ್ರತಿ ಸಲದ ಜಗಳ. ಕೊಳ್ಳುವಾಗ ಅಡಿ ಬದಲಿಸಬಹುದಾದ ಬೂಟನ್ನೇ ಆರಿಸಿ, ಚಪ್ಪಟೆ ಅಡಿಯ ಜೊತೆಯನ್ನೂ ಇಟ್ಟುಕೊಳ್ಳಿ. ಹೋಗುವ ಜಾಗದ ಬಾಡಿಗೆ ಬೈಂಡಿಂಗ್ ಯಾವುದೆಂದು ಫೋನ್ ಮಾಡಿ ಮೊದಲೇ ತಿಳಿದುಕೊಳ್ಳಿ.

ಮಕ್ಕಳಿಗೆ ಬೆಳೆಯುತ್ತಾರೆಂದು ಎರಡು ಸೈಜು ಮುಂದಿನ ಬೂಟು ಕೊಡಿಸುವುದು ಅನ್ಯಾಯ. 1 ಸೆಂ.ಮೀ. ಮೀರಿ ಹೆಚ್ಚಿದ್ದರೆ ಮಗು ಕಲಿಯುವುದು ಹಿಮ್ಮಡಿಯ ಮೇಲೆ ಕೂರುವುದನ್ನೇ, ಆ ಅಭ್ಯಾಸ ದೊಡ್ಡವರಾದ ಮೇಲೂ ಬಿಡದು. ಯುರೋಪ್, ಅಮೆರಿಕದ ಅಂಗಡಿಗಳು ಇಡೀ ಸೀಸನ್ನಿಗೆ ಮಕ್ಕಳ ಸಾಮಾನು ಬಾಡಿಗೆ ಕೊಡುತ್ತವೆ, ಕಾಲು ಬೆಳೆದರೆ ನಡುವೆ ಬದಲಿಸಿಯೂ ಕೊಡುತ್ತವೆ.

ಸರಿಯಾದ ಬೂಟು ಸಿಕ್ಕವರು ಅದನ್ನು ಉಳಿಸಿಕೊಳ್ಳಲಿ. ಪ್ರತಿ ಸಂಜೆ ಲೈನರ್ ಹೊರತೆಗೆದು ಗಾಳಿಯಲ್ಲಿ ಒಣಗಿಸಿ, ಹೀಟರಿನ ಮುಂದೆ ಬೇಡ. ತೆಗೆದಿಡುವಾಗ ಲೈನರ್ ಒಳಗಿಟ್ಟು ಬಕಲ್‌ಗಳನ್ನು ಹಗುರವಾಗಿ ಹಾಕಿಡಿ, ಇಲ್ಲವಾದರೆ ಶೆಲ್ ಬಿರಿದುಕೊಂಡ ಆಕಾರಕ್ಕೇ ಕೂರುತ್ತದೆ. ಸ್ವಂತ ಸ್ಕೀ ಇದ್ದರೆ ಅಂಚು ಒರೆಸಿ, ಅಂಚೂ ಮುಚ್ಚುವಂತೆ ಅಡಿಗೆ ದಪ್ಪಗೆ ಮೇಣ ಹಚ್ಚಿ, ಕೆರೆಯದೆ ಹಾಗೇ ಬಿಡಿ. ಹಾಗೆ ಮಾಡಿದರೆ ಮುಂಗಾರಿನ ತೇವದಲ್ಲಿ ಉಕ್ಕಿನ ಅಂಚಿಗೆ ತುಕ್ಕು ಹಿಡಿಯದು. ಒದ್ದೆ ಚೀಲದಲ್ಲಿ ಸುತ್ತಿಟ್ಟ ಸ್ಕೀಗೆ ಊರು ತಲುಪುವ ಮುನ್ನವೇ ತುಕ್ಕು ಹತ್ತಿರುತ್ತದೆ, ವಿಮಾನ ಇಳಿದ ದಿನವೇ ಬಿಚ್ಚಿ ಒರೆಸಬೇಕು.

ಇತಿ,
ಪತ್ರಿಕೆಯ ಓದುಗ, ಮ್ಯೂನಿಕ್